ಮಿಲ್ಲಿಗೆ ಹೋದ ಗುರುದಕ್ಷಿಣೆ

ನಿನ್ನೆ ಸಂಜೆ ಸ್ಟೇಷನ್ ರಸ್ತೆಯಲ್ಲಿ ಹತ್ತಿಕಾಳಿನ ಚೀಲ ಹೇರಿದ ಗಾಡಿಯೊಂದು ನನ್ನ ಪಕ್ಕದಲ್ಲೇ ಹಾದುಹೋಯಿತು. ಹತ್ತಿಕಾಳಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಎಣ್ಣೆ, ಧೂಳು, ಒಂದಿಷ್ಟು ಘಾಟು. ಸುಗಂಧವೆಂದು ಯಾರೂ ಹೇಳಲಾರರು. ನಾನು ಮಾತ್ರ ಹಬ್ಬದ ಅಡಿಗೆಯ ವಾಸನೆ ಬಂದವನ ಹಾಗೆ ನಡುರಸ್ತೆಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಹೋದ.

ನಲವತ್ತರ ದಶಕ, ನಿಜಾಮರ ಕಾಲ. ನಾನು ಹೈದರಾಬಾದಿನಲ್ಲಿ ಯಂತ್ರವಿದ್ಯೆ ಓದುತ್ತಿದ್ದೆ. ಓದುತ್ತಿದ್ದೆ ಎಂಬುದೇ ಸರಿ. ಯಂತ್ರ ಮುಟ್ಟಿದ್ದು ಕಡಿಮೆ. ಅದಕ್ಕೇ ಇರಬೇಕು, ಕಾಲೇಜಿನವರು ಒಂದು ನಿಯಮ ಮಾಡಿದ್ದರು: ಪ್ರತಿಯೊಬ್ಬನೂ ಒಂದು ಹಂಗಾಮು ಯಾವುದಾದರೂ ಕಾರ್ಖಾನೆಯಲ್ಲಿ ಪಗಾರ ತೆಗೆದುಕೊಂಡು ದುಡಿಯಬೇಕು. ಅಲ್ಲಿಯ ಮಿಸ್ತ್ರಿ ‘ಹುಡುಗ ಕೆಲಸಕ್ಕೆ ಬರುತ್ತಾನೆ’ ಎಂದರೆ ಅದಕ್ಕೆ ಅಂಕ. ಅನ್ನದಿದ್ದರೆ ಮಿಕ್ಕದ್ದರಲ್ಲಿ ಎಷ್ಟೇ ಜಾಣನಾಗಿದ್ದರೂ ನಪಾಸು. ಪುಕ್ಕಟೆ ದುಡಿದರೆ ಲೆಕ್ಕಕ್ಕಿಲ್ಲ. ಊರಿಗೆ ಹತ್ತಿರವೆಂದು ನಾನು ರಾಯಚೂರಿನಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲನ್ನು ಆರಿಸಿಕೊಂಡೆ.

ನಮ್ಮದು ಮಾನ್ವಿ. ಅಪ್ಪ ಗುಡಿಯ ಪೂಜೆ ಮಾಡಿಕೊಂಡು ಮಕ್ಕಳಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಈ ನಿಯಮ ಅವರ ತಲೆಗೆ ಹೋಗಲೇ ಇಲ್ಲ. “ಅಲ್ಲೋ, ಕಲಿಸಾವನ ರೊಕ್ಕಾ ಕೊಡತಾನಂದ್ರ, ಕಲಿಯಾವ ಏನು ಕೊಡಬೇಕು?” ಎಂದು ಊಟದ ಎಲೆಯ ಮುಂದೆಯೂ ಅದನ್ನೇ ಕೇಳಿದರು. ಕೊನೆಗೆ ಉತ್ತರವನ್ನೂ ತಾವೇ ಕಂಡುಕೊಂಡರು. ಹೊಸ ಕೆಂಪಂಚಿನ ಧೋತರ, ತೆಂಗಿನಕಾಯಿ, ಎಲೆಅಡಿಕೆ ಕಟ್ಟಿಕೊಟ್ಟು, “ಮೊದಲ ದಿನಾನ ಗುರುಗಳಿಗೆ ಕೊಟ್ಟು ನಮಸ್ಕಾರ ಮಾಡು” ಎಂದರು.

ಗುರುಗಳು ಅಂದರೆ ಮಹಬೂಬ ಮಿಸ್ತ್ರಿ. ದೇವದುರ್ಗದವರು, ಮಿಲ್ಲಿನ ಯಂತ್ರಗಳೆಲ್ಲ ಅವರ ಮಾತು ಕೇಳುತ್ತಿದ್ದವು, ಮನುಷ್ಯರು ಹೆದರುತ್ತಿದ್ದರು. ನಾನು ಗಂಟು ಬಿಚ್ಚಿ ಮುಂದೆ ಹಿಡಿದೆ. ಅವರ ಮುಖ ಕೆಂಪೇರಿತು.

“ಏನಲೇ, ರಿಶ್ವತ್ ತಂದೀಯೇನು? ಕೆಲಸಾ ಮಾಡೂದಕ್ಕಿಂತ ಮೊದಲ ನನ್ನ ಬಾಯಿ ಮುಚ್ಚಸಾಕತ್ತೀಯಾ? ನಡಿ, ನಾಳಿಂದ ಬರಬ್ಯಾಡ.”

ನಾಲ್ಕು ಮಂದಿಯ ಎದುರು ಲಂಚ ಕೊಡುವವನೆನಿಸಿಕೊಂಡು ಗಂಟನ್ನು ಬಗಲಲ್ಲಿಟ್ಟುಕೊಂಡು ಹೊರಬಿದ್ದೆ. ಉಳಿದ ಮಿಲ್ಲುಗಳಲ್ಲಿ ಆಗಲೇ ಜನ ಭರ್ತಿಯಾಗಿದ್ದರು. ಆ ಹಂಗಾಮು ತಪ್ಪಿದರೆ ನನ್ನ ಓದು ಅಲ್ಲಿಗೇ ಮುಗಿದಂತೆ. ಇನ್ನೊಂದು ವರ್ಷ ಓದಿಸುವ ತಾಕತ್ತು ಮನೆಯಲ್ಲಿರಲಿಲ್ಲ. ಹತ್ತಿ ಇಳಿಸಿ ಮಾನ್ವಿಗೆ ಮರಳುತ್ತಿದ್ದ ಬಂಡಿಯಲ್ಲಿ ಅಳುತ್ತಲೇ ಊರು ಸೇರಿದೆ.

ಅಪ್ಪ ಎಲ್ಲ ಕೇಳಿಸಿಕೊಂಡರು. ಮರುದಿನ ಪೂಜೆಯನ್ನು ನಮ್ಮ ಕಾಕಾಗೆ ಒಪ್ಪಿಸಿ ನನ್ನ ಜೊತೆ ಹೊರಟರು. ಮಿಲ್ಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಅದನ್ನು ನೋಡಿ ಮಿಸ್ತ್ರಿಯೇ ಗಡಬಡಿಸಿ ಎದ್ದುನಿಂತರು.

“ಸಾಹೇಬ್ರ, ತಪ್ಪು ನಂದು” ಎಂದರು ಅಪ್ಪ. “ ಗುರುಗಳ ಹತ್ರ ಬರಿಗೈಲೆ ಹೋಗಬಾರದು ಅಂತ ನಮ್ಮಲ್ಲಿ ಅದ. ನಿಮ್ಮಲ್ಲಿ ಅದಕ್ಕ ಬ್ಯಾರೆ ಹೆಸರದ ಅಂತ ನನಗ ತಿಳೀಲಿಲ್ಲ.”

ಮಿಸ್ತ್ರಿ ಎಣ್ಣೆಗೈ ಒರೆಸಿಕೊಂಡರು. “ನನ್ನ ಯಾರೂ ಗುರು ಅಂದಿಲ್ರೀ ಆಚಾರ್ರ. ಮಿಸ್ತ್ರಿ ಅಂತಾರ, ಸಿಟ್ಟು ಬಂದ್ರ ಮತ್ತೇನರ ಅಂತಾರ. ಹುಡುಗ ಕಲೀಲಿ. ಕಲತಮ್ಯಾಲೆ ಕೊಡ್ರಿ, ತಗೋತೀನಿ. ಈಗ ತಗೊಂಡ್ರ ಹರಾಮ್.”

ಹಾಗೆ ಶುರುವಾಯಿತು ನನ್ನ ವಿದ್ಯಾಭ್ಯಾಸ. ಸಂಜೆಗೆ ತಲೆ, ಮೀಸೆ, ಹುಬ್ಬಿನ ತುಂಬ ಹತ್ತಿ ಕೂತು ಮುದುಕನಂತಾಗುತ್ತಿದ್ದೆ, ಮಿಲ್ಲಿನ ಹೆಂಗಸರು “ಬರ್ರಿ ಮುತ್ಯಾ” ಎಂದು ನಗುತ್ತಿದ್ದರು. ಯುದ್ಧದ ದಿನಗಳು, ಯಂತ್ರದ ಒಂದು ಬಿಡಿಭಾಗ ಮುರಿದರೆ ಹೊಸದು ಬರುವ ಭರವಸೆಯಿರಲಿಲ್ಲ. ನಾನು ಮುರಿದಷ್ಟನ್ನು ಮಿಸ್ತ್ರಿ ಬೈಯುತ್ತ ಜೋಡಿಸಿದರು, ಆಮೇಲೆ ಆ ಕೆಲಸ ನನ್ನಿಂದಲೇ ಮಾಡಿಸಿದರು. ಪಗಾರದ ದಿನ ಮಾತ್ರ ಎಲ್ಲರಿಗಿಂತ ಮೊದಲು ನನ್ನನ್ನು ಕರೆಯುತ್ತಿದ್ದರು.

ಹಂಗಾಮು ಮುಗಿದಾಗ ಕಾಲೇಜಿನಿಂದ ಒಬ್ಬರು ವಿಚಾರಿಸಲು ಬಂದರು. ಮಿಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮಾತು ಜಾಸ್ತಿ ಅದಾವ್ರಿ. ಆದ್ರ ಕೆಲಸಕ್ಕ ಬರತಾನ” ಎಂದರು. ಅಪ್ಪ ಮತ್ತೊಮ್ಮೆ ಮಾನ್ವಿಯಿಂದ ಬಂದು ಧೋತರ ಕೊಟ್ಟರು. ಮಿಸ್ತ್ರಿ ಅದನ್ನು ಅಲ್ಲೇ ತಲೆಗೆ ಪಟಗ ಸುತ್ತಿಕೊಂಡು ದಿನವಿಡೀ ಕೆಲಸ ಮಾಡಿದರು. ಆ ಅಂಕಗಳಿಂದಲೇ ನಾನು ಪಾಸಾದೆ, ಅನ್ನ ಕಂಡೆ.

ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಮಿಸ್ತ್ರಿ ಹೋದದ್ದು ಈ ಬೇಸಿಗೆಯಲ್ಲಿ, ತುಂಬಿದ ವಯಸ್ಸಿನಲ್ಲಿ. ಇವತ್ತು ಬೆಳಿಗ್ಗೆ ಪಕ್ಷಮಾಸದ ತರ್ಪಣ. ಹಿರಿಯರದೆಲ್ಲ ಮುಗಿದ ಮೇಲೆ ಗುರುಗಳಿಗೆಂದು ಒಂದು ಸರದಿ ಇರುತ್ತದೆ. ಪುರೋಹಿತರು ಹೊಸಬರು, ಚಿಕ್ಕವರು. “ಗುರುಗಳ ಹೆಸರು ಹೇಳ್ರಿ” ಎಂದರು.

“ಮಹಬೂಬ ಮಿಸ್ತ್ರಿ” ಎಂದೆ.

ಅವರ ಮಂತ್ರ ನಿಂತಿತು. ಎದ್ದುಹೋಗುತ್ತಾರೇನೋ ಅಂದುಕೊಂಡೆ. ನನ್ನ ಮುಖ ನೋಡಿದರು. ಅಲ್ಲಿ ಏನು ಕಂಡಿತೋ. “ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಅಂತ ಅದ. ಹಂಗ ಹೇಳಿ ನೀರು ಬಿಡ್ರಿ” ಎಂದರು.

ಬಿಟ್ಟೆ. ಅಪ್ಪನ ಹೆಸರಿಗೆ ಬಿಟ್ಟಾಗ ಬಾರದ ಅಳು ಆಗ ಬಂತು.