ವೈನಿ ಹೇಳಿದ್ದು, ನಾನು ಹೇಳಿದ್ದು

ಗಂಗೂ ವೈನಿ, ಅವತ್ತು ಖಾನಾಪುರದ ಸಾಲೆಯ ಕೋಣೆಯಲ್ಲಿ ನಿಮ್ಮ ಮಾತನ್ನು ನಾನು ಬದಲಿಸಿದೆ. ಗಂಡ ಹೊಡೆದು ಕೈ ಮುರಿದ ಅಂತ ನೀವು ಹೇಳಿದಿರಿ. ಇವರು ಜಾರಿ ಬಿದ್ದರು, ಊರಲ್ಲಿ ಡಾಕ್ಟರ್ ಇರಲಿಲ್ಲ ಅಂತ ನಾನು ದಿಲ್ಲಿಯಿಂದ ಬಂದ ಸಮಿತಿಯವರಿಗೆ ಹೇಳಿದೆ. ಬಾಯಿತಪ್ಪಿ ಅಲ್ಲ. ಗಾಬರಿಯಿಂದಲೂ ಅಲ್ಲ. ಚೆನ್ನಾಗಿ ಗೊತ್ತಿದ್ದೇ ಹೇಳಿದೆ.

ಹನ್ನೆರಡು ವರ್ಷವಾಯಿತು. ಈ ನಡುವೆ ನಾವಿಬ್ಬರೂ ಎಷ್ಟು ಸಲ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದಿದ್ದೇವೆ, ಎಷ್ಟು ಹಬ್ಬ ಮಾಡಿದ್ದೇವೆ. ಒಮ್ಮೆಯೂ ನಾನು ಬಾಯಿ ಬಿಡಲಿಲ್ಲ. ನೀವೂ ಕೇಳಲಿಲ್ಲ — ಅಲ್ಲ, ಎರಡು ಸಲ ಕೇಳಿದ್ದೀರಿ. ಅದನ್ನೂ ಬರೆಯುತ್ತೇನೆ.

ಮೊದಲಿಗೆ ಆ ಬಚ್ಚಲ ಕಲ್ಲಿನ ಸಂಗತಿ. ಅನಗೋಳದ ನಮ್ಮ ಮನೆಯ ಬಚ್ಚಲಲ್ಲಿ ಒಂದು ಕರಿಕಲ್ಲು ಇತ್ತಲ್ಲ, ನುಣ್ಣಗಿನದು. ನೀವು ಅಣ್ಣನನ್ನು ಮದುವೆಯಾಗಿ ಬಂದ ಮೇಲೆ ಆ ಕಲ್ಲಿಗೆ ಕೆಲಸ ಹೆಚ್ಚಾಯಿತು. ನಿಮ್ಮ ಹಣೆಯಲ್ಲಿ ಗಾಯವಾದರೆ ಕಲ್ಲಿನ ಮೇಲೆ ಜಾರಿದ್ದು, ತುಟಿ ಬಾತರೆ ಅದೇ ಕಲ್ಲು. ಓಣಿಯ ಹೆಂಗಸರು ಕೇಳಿದರೆ ಅವ್ವ ಮೊದಲು ಕಲ್ಲಿಗೆ ಬೈಯುತ್ತಿದ್ದಳು, ಆಮೇಲೆ ನಿಮ್ಮ ನಡಿಗೆಗೆ. ನಿಮ್ಮ ತವರಿನವರಿಗೆ ಬರೆದ ಕಾಗದದಲ್ಲೂ ಕಲ್ಲೇ. ಆ ಕಾಗದಗಳನ್ನು ಬರೆದವಳು ನಾನು, ಮನೆಯಲ್ಲಿ ನನ್ನ ಅಕ್ಷರವೇ ದುಂಡಗೆ ಇದ್ದದ್ದರಿಂದ. ಕೊನೆಕೊನೆಗೆ ಕಲ್ಲಿನ ಕಥೆಯನ್ನು ಯಾರೂ ನಂಬುತ್ತಿಲ್ಲ ಅಂತ ಅವ್ವನಿಗೆ ಅನುಮಾನ ಬಂತು. ಒಬ್ಬ ಕಲ್ಲುಕುಟಿಗನನ್ನು ಕರೆಸಿ, ನಾಲ್ಕು ಮಂದಿ ನೋಡುವ ಹೊತ್ತಿನಲ್ಲಿ, ಕಲ್ಲಿಗೆ ಉಳಿಪೆಟ್ಟು ಹಾಕಿಸಿ ಒರಟು ಮಾಡಿಸಿದಳು. ಇನ್ನು ಮೇಲೆ ಸೊಸೆ ಜಾರುವುದಿಲ್ಲ ಅಂದಳು. ನನಗೆ ಆಗ ಅದು ತಮಾಷೆಯಾಗಿ ಕಂಡಿತ್ತು ವೈನಿ. ನಕ್ಕಿದ್ದೆ.

ಅಣ್ಣ ಕುಡಿಯುತ್ತಿರಲಿಲ್ಲ. ಫೌಂಡ್ರಿಯ ಕೆಲಸ ಮುಗಿಸಿ ನೆಟ್ಟಗೆ ಮನೆಗೆ ಬರುವವನು, ಇಷ್ಟಲಿಂಗ ಪೂಜೆ ತಪ್ಪಿಸಿದವನಲ್ಲ. ಓಣಿಯಲ್ಲಿ ಅವನ ದನಿ ಎತ್ತರಿಸಿದ್ದನ್ನು ಕೇಳಿದವರಿಲ್ಲ. ಅಪ್ಪ ಸತ್ತ ಮೇಲೆ ನನ್ನನ್ನು ಸೈಕಲ್ಲಿನ ಮುಂದಿನ ದಾಂಡಿನ ಮೇಲೆ ಕೂರಿಸಿಕೊಂಡು ಸಾಲೆಗೆ ಬಿಟ್ಟು ಬರುತ್ತಿದ್ದ ಅಣ್ಣ. ಹೆಣ್ಣಿಗೆ ಕಾಲೇಜು ಯಾಕೆ ಅಂದ ಕಾಕಾನ ಬಾಯಿ ಮುಚ್ಚಿಸಿದ ಅಣ್ಣ. ಅಂಥವನು ಪಲ್ಯಕ್ಕೆ ಉಪ್ಪು ಹೆಚ್ಚಾಯಿತು ಅಂತ — ನಾನು ಇಬ್ಬರು ಅಣ್ಣಂದಿರನ್ನು ಇಟ್ಟುಕೊಂಡಿದ್ದೆ. ಒಬ್ಬ ಸೈಕಲ್ಲಿನವನು, ಅವನು ನನ್ನವನು. ಇನ್ನೊಬ್ಬ ಅಡುಗೆಮನೆಯವನು, ಅವನು ನಿಮ್ಮ ಪಾಲಿನವನು.

ಆ ರವಿವಾರ ನಾನು ಅಡುಗೆಮನೆಯಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಖಾನಾಪುರದಲ್ಲಿ ಗ್ರಾಮಸೇವಿಕೆಯ ಕೆಲಸ ಸಿಕ್ಕು ವರ್ಷವಾಗಿತ್ತು, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದೆ. ಚಹಾ ಆರಿತ್ತು ಅನ್ನುವುದೇ ನೆಪ. ಅಣ್ಣ ನಿಮ್ಮ ಬಲಗೈ ಹಿಡಿದು ತಿರುವಿದ. ಬಳೆ ಒಡೆದ ಸಪ್ಪಳ ಮೊದಲು ಕೇಳಿತು, ಆಮೇಲೆ ಇನ್ನೊಂದು ಸಪ್ಪಳ. ನೀವು ಕೂಗಲಿಲ್ಲ. ನನ್ನ ಕಡೆ ನೋಡಿದಿರಿ. ನಾನು ತಲೆ ಬಗ್ಗಿಸಿ ಅವರೆಕಾಯಿ ಸುಲಿದೆ. ಖಾಲಿ ಸಿಪ್ಪೆಯನ್ನೂ ಮತ್ತೊಮ್ಮೆ ಸುಲಿದೆ ಅಂತ ನೆನಪು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ನೀವು ತವರಿಗೆ ಬಂದಿರಿ. ನಿಮ್ಮ ಊರು ಖಾನಾಪುರದಿಂದ ಎರಡು ಹರದಾರಿ, ನನ್ನ ಸರ್ಕಲ್ಲಿನಲ್ಲೇ ಬರುವ ಹಳ್ಳಿ. ಈ ಸಲ ಹೋಗುವುದಿಲ್ಲ ಅಂದಿರಂತೆ. ನಿಮ್ಮ ಅಣ್ಣತಮ್ಮಂದಿರು ಕೆಟ್ಟವರಲ್ಲ, ಹೆದರಿದವರು. ಗಂಡ ಬಂದು ಕರೆದರೆ ಯಾವ ಬಾಯಿಯಿಂದ ಇಲ್ಲ ಅನ್ನುವುದು ಅಂದರು. ಅದೇ ಹೊತ್ತಿಗೆ ದಿಲ್ಲಿಯಿಂದ ಸಮಿತಿಯೊಂದು ಬರುವ ಸುದ್ದಿ ಬಂತು. ದೇಶದ ಹೆಣ್ಣುಮಕ್ಕಳ ಸ್ಥಿತಿ ಏನು ಅಂತ ಊರೂರಿಗೆ ಹೋಗಿ ಕೇಳಿ, ಕಾಯ್ದೆ ಎಲ್ಲಿ ಬದಲಾಗಬೇಕು, ಸರ್ಕಾರದ ಧೋರಣೆ ಎಲ್ಲಿ ಬದಲಾಗಬೇಕು ಅಂತ ಬರೆದು ಕೊಡುವವರು. ಆ ಸುದ್ದಿಯನ್ನು ನಿಮ್ಮ ಊರ ಚಾವಡಿಯ ಮುಂದೆ ನಿಂತು ಸಾರಿದವಳು ನಾನೇ. ಯಾರಿಗೂ ಅಂಜಬೇಡಿರಿ, ಇದ್ದದ್ದು ಇದ್ದಂತೆ ಹೇಳಿರಿ, ನಿಮ್ಮ ಮಾತು ದಿಲ್ಲಿಗೆ ಮುಟ್ಟಿಸುವುದು ನನ್ನ ಜವಾಬ್ದಾರಿ ಅಂದೆ. ಭಾಷಣ ಚೆನ್ನಾಗಿಯೇ ಮಾಡುತ್ತಿದ್ದೆ.

ನೀವು ನಂಬಿದಿರಿ. ನಿಮ್ಮ ಅಣ್ಣನೂ ನಂಬಿದ. ಸರ್ಕಾರದ ದೊಡ್ಡವರು ಒಂದು ಮಾತು ಆಡಿದರೆ, ಒಂದು ಚೀಟಿ ಬರೆದುಕೊಟ್ಟರೆ, ಅದನ್ನು ತೋರಿಸಿ ತಂಗಿಯನ್ನು ಮನೆಯಲ್ಲಿಟ್ಟುಕೊಳ್ಳುತ್ತೇನೆ ಅಂದನಂತೆ. ಇದು ನನಗೆ ಗೊತ್ತಿತ್ತು. ನಿಮ್ಮ ತಾಯಿ ಸಭೆಯ ಹಿಂದಿನ ದಿನ ನನಗೆ ಹೇಳಿದ್ದರು. ನನಗೆ ಗೊತ್ತಿರಲಿಲ್ಲ ಅಂತ ಬರೆಯುವ ಆಸೆ ಈಗಲೂ ಆಗುತ್ತದೆ, ಆದರೆ ಗೊತ್ತಿತ್ತು.

ಸಭೆ ಸಾಲೆಯ ಕೋಣೆಯಲ್ಲಿ. ಗಂಡಸರನ್ನೆಲ್ಲ ಹೊರಗೆ ಬೇವಿನ ಗಿಡದ ಕೆಳಗೆ ಕೂರಿಸಿದ್ದರು, ತಾಲೂಕು ಆಫೀಸಿನವರನ್ನೂ ಸೇರಿಸಿ. ಒಳಗೆ ನಲವತ್ತು ಹೆಂಗಸರು, ದಿಲ್ಲಿಯ ಸಮಿತಿಯ ಇಬ್ಬರು ಹೆಂಗಸರು — ಅವರನ್ನು ಬಾಯಿಯವರು ಅನ್ನುತ್ತಿದ್ದೆವು — ನಡುವೆ ದುಭಾಷಿಯಾಗಿ ನಾನು. ಮರಾಠಿಯಲ್ಲಿ ಮಾತಾಡಿದವರದು ಆ ಬಾಯಿಯವರಿಗೆ ಅರ್ಧ ತಾನಾಗಿಯೇ ತಿಳಿಯುತ್ತಿತ್ತು, ಉಳಿದರ್ಧ ನಾನು ಹಿಂದಿಯಲ್ಲಿ ಹೇಳುತ್ತಿದ್ದೆ. ಕುಡಿಯುವ ನೀರು, ಹಂಚಿನ ಕಾರ್ಖಾನೆಯ ಕೂಲಿ, ಕುಡಿದು ಬಡಿಯುವ ಗಂಡ — ಒಬ್ಬೊಬ್ಬರದನ್ನೂ ನಿಯತ್ತಿನಿಂದ ಮುಟ್ಟಿಸಿದೆ. ಬೇರೆಯವರ ಗಂಡಂದಿರ ವಿಷಯದಲ್ಲಿ ನಾನು ಬಹಳ ಪ್ರಾಮಾಣಿಕಳು.

ಆಮೇಲೆ ನೀವು ಎದ್ದಿರಿ. ಖಾನಾಪುರದ ಕಡೆಯ ಮಗಳು ನೀವು, ನಿಮಗೆ ಎರಡೂ ಭಾಷೆ ಒಂದೇ. ಮರಾಠಿಯಲ್ಲಿ ಹೇಳಿದ್ದರೆ ನನ್ನ ಕೈಯಲ್ಲಿ ಮುಚ್ಚಿಡಲು ಆಗುತ್ತಿರಲಿಲ್ಲ. ನೀವು ಕನ್ನಡದಲ್ಲಿ ಹೇಳಿದಿರಿ. ಯಾಕೆ ಅಂತ ಆಮೇಲೆ ನಿಮ್ಮ ತಾಯಿಯಿಂದ ತಿಳಿಯಿತು — ಕನ್ನಡ ನಮ್ಮ ಶಾಂತಾನ ಮನೆಮಾತು, ಆಕೆಗೆ ಸಲೀಸಾಗಲಿ ಅಂತ ನೀವು ಅಂದಿದ್ದಿರಂತೆ.

ಪಟ್ಟಿ ಕಟ್ಟಿದ ಕೈಯನ್ನು ಎಡಗೈಯಲ್ಲಿ ಹಿಡಿದು, ಅಳದೆ, ನಾಲ್ಕೈದು ಮಾತು ಆಡಿದಿರಿ. ಕೊನೆಗೆ ನನ್ನ ಕಡೆ ಬೆರಳು ಮಾಡಿದಿರಿ. ಆ ಬೆರಳಿನ ವಿಷಯ ಆಮೇಲೆ. ಮೊದಲು ನಾನು ಮಾಡಿದ್ದನ್ನು ಹೇಳಬೇಕು. ಅಲ್ಲಿಯವರೆಗೆ ಹಿಂದಿಯಲ್ಲಿ ಮಾತಾಡುತ್ತಿದ್ದವಳು ಆ ಒಂದು ಸಲ ಇಂಗ್ಲಿಷಿಗೆ ಹೊರಳಿದೆ. ಹಿಂದಿಯಾದರೆ ಕೂತ ಹೆಂಗಸರಿಗೆ ಅಷ್ಟಿಷ್ಟು ತಿಳಿಯುತ್ತದೆ, ಇಂಗ್ಲಿಷ್ ಅಲ್ಲಿ ಯಾರಿಗೂ ಬರುವುದಿಲ್ಲ — ಇಷ್ಟು ಲೆಕ್ಕ ಹಾಕಲು ನನಗೆ ಸಮಯ ಸಿಕ್ಕಿತು ನೋಡಿರಿ. ಅದಕ್ಕೇ ಗಾಬರಿಯಿಂದ ಅಲ್ಲ ಅಂತ ಮೊದಲೇ ಬರೆದೆ. ಇವರು ಬಚ್ಚಲಲ್ಲಿ ಜಾರಿ ಬಿದ್ದರು, ಊರಲ್ಲಿ ಡಾಕ್ಟರ್ ಇಲ್ಲದ್ದಕ್ಕೆ ಬಹಳ ಕಷ್ಟವಾಯಿತು, ದವಾಖಾನೆ ಬೇಕು ಅನ್ನುತ್ತಾರೆ. ಹಿರಿಯ ಬಾಯಿಯವರು ಮರುಕದಿಂದ ನಿಮ್ಮನ್ನು ನೋಡಿ ಬರೆದುಕೊಂಡರು. ಕಾಯ್ದೆ ಬದಲಾಯಿಸಲು ಬಂದವರ ಕಾಗದದಲ್ಲಿ ನಮ್ಮ ಬಚ್ಚಲ ಕಲ್ಲು ಹೋಗಿ ಕೂತಿತು.

ಯಾಕೆ ಮಾಡಿದೆ? ಆಗ ನನ್ನ ಮದುವೆಯ ಮಾತು ನಡೆದಿತ್ತು. ಹುಡುಗನ ಸೋದರಮಾವ ತಾಲೂಕು ಆಫೀಸಿನಲ್ಲಿದ್ದರು, ಹೊರಗೆ ಬೇವಿನ ಗಿಡದ ಕೆಳಗೆ ಅವರೂ ಕೂತಿದ್ದರು. ಸಮಿತಿಯ ಕಾಗದದ ಒಂದು ಪ್ರತಿ ಅವರ ಟೇಬಲ್ಲಿಗೇ ಬರುವುದಿತ್ತು. ಹೆಂಡತಿಯ ಕೈ ಮುರಿದ ಮನೆಯಿಂದ ಹೆಣ್ಣು ತಂದಾರೆಯೇ ಅನ್ನಿಸಿತು. ಅಣ್ಣನ ಮುಖ ಕಣ್ಣ ಮುಂದೆ ಬಂತು, ಸೈಕಲ್ಲಿನ ಅಣ್ಣ. ಇವೆಲ್ಲ ಕಾರಣಗಳು, ನಿಜ. ಆದರೆ ಇದೇ ಕಾರಣಗಳನ್ನು ಬೇರೆ ಹೆಂಗಸೊಬ್ಬಳು ನನ್ನ ಮುಂದೆ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ. ಭಾಷಣ ಮಾಡುತ್ತಿದ್ದೆ.

ಸಭೆ ಮುಗಿದು ಬಸ್ ಸ್ಟ್ಯಾಂಡಿನ ತನಕ ಇಬ್ಬರೂ ನಡೆದೆವು. ಬಸ್ಸು ಬಂದು ನಿಂತಾಗ ಮೆಲ್ಲಗೆ ಕೇಳಿದಿರಿ:

“ಶಾಂತಾ, ನೀ ಡಾಕ್ಟರ್ ಅಂದೆಲ್ಲ. ನಾ ಡಾಕ್ಟರ್‌ನ ಸುದ್ದಿ ಎತ್ತೇ ಇಲ್ಲಲ್ಲ.”

ಇಂಗ್ಲಿಷಿನ ಅದೊಂದು ಶಬ್ದ ಎಲ್ಲರಿಗೂ ಗೊತ್ತು ಅನ್ನುವುದನ್ನು ನನ್ನ ಲೆಕ್ಕ ಬಿಟ್ಟಿತ್ತು. ಅವರು ಹಾಗೆಯೇ ಏನೇನೋ ಕೇಳುತ್ತಾರೆ ವೈನಿ, ನಾನು ಎಲ್ಲ ಹೇಳಿದ್ದೇನೆ ಅಂದೆ. ನೀವು ಹೂಂ ಅಂದು ಬಸ್ಸು ಹತ್ತಿದಿರಿ. ಒಂದು ಕೈಯಲ್ಲೇ ಕಂಬಿ ಹಿಡಿದು ಹತ್ತುವಾಗ ಸೆರಗು ಜಾರಿತು, ಅದನ್ನು ಸರಿಮಾಡಲು ನಿಮಗೆ ಇನ್ನೊಂದು ಕೈ ಇರಲಿಲ್ಲ. ನಾನು ಮಾಡಬಹುದಿತ್ತು. ನಿಂತು ನೋಡಿದೆ.

ದಿಲ್ಲಿಯಿಂದ ಚೀಟಿ ಬರಲಿಲ್ಲ. ಮೂರನೆಯ ವಾರ ಅಣ್ಣ ಹೋಗಿ ನಿಮ್ಮನ್ನು ಕರೆದುಕೊಂಡು ಬಂದ. ನಾಲ್ಕು ತಿಂಗಳಿಗೆ ನನ್ನ ಮದುವೆ ಆಯಿತು. ಒಳ್ಳೆಯ ಮನುಷ್ಯ ಸಿಕ್ಕ, ನನ್ನ ಮೇಲೆ ಎಂದೂ ಕೈ ಎತ್ತಿಲ್ಲ — ಇದನ್ನು ನಿಮಗೆ ಬರೆಯಲು ನಾಚಿಕೆಯಾಗುತ್ತದೆ. ಮುಂದಿನ ವರ್ಷ ನಿಮ್ಮ ಎಡಗಿವಿ ಹೋಯಿತು. ಕಲ್ಲು ಆಗಲೇ ಒರಟಾಗಿತ್ತು, ಜಾರಿದ್ದು ಅನ್ನುವಂತಿರಲಿಲ್ಲ. ಜ್ವರ ಕಿವಿಗೆ ಏರಿತು ಅಂದಳು ಅವ್ವ. ಆ ಕಾಗದವನ್ನೂ ನಾನೇ ಬರೆದೆ.

ನಿಮ್ಮ ಊರಿಗೆ ದವಾಖಾನೆ ಬಂತು, ಗೊತ್ತಲ್ಲ. ಸಮಿತಿಯವರ ಕಾಗದದಿಂದಲೇ ಬಂತು ಅಂತ ಎಲ್ಲರೂ ಅಂದರು. ಉದ್ಘಾಟನೆಗೆ ನನ್ನನ್ನು ಕರೆದು ಮಾಲೆ ಹಾಕಿದರು. ನಿಮ್ಮ ತಾಯಿಯೂ ಬಂದು ಕೂತಿದ್ದರು, ಚಪ್ಪಾಳೆ ತಟ್ಟಿದರು. ಅದೆಷ್ಟು ಬಾಣಂತಿಯರು ಅಲ್ಲಿ ಬದುಕಿಕೊಂಡರೋ ಏನೋ. ಅದನ್ನು ನೆನೆದು ಒಂದೆರಡು ವರ್ಷ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಎರಡು ವರ್ಷದ ಹಿಂದೆ ಕಾಯ್ದೆ ಬದಲಾಯಿತು. ಗಂಡನಾಗಲಿ ಅವನ ಮನೆಯವರಾಗಲಿ ಹೆಂಡತಿಗೆ ಹಿಂಸೆ ಕೊಟ್ಟರೆ ಅಪರಾಧ, ಪೊಲೀಸರು ಹಿಡಿದೊಯ್ಯಬಹುದು. ಅದನ್ನು ಹೆಂಗಸರಿಗೆ ತಿಳಿಸಿ ಹೇಳಲು ಬೆಳಗಾವಿಯಲ್ಲಿ ನಮಗೆ ತರಬೇತಿ ಕೊಟ್ಟರು. ಅನಗೋಳದ ಸಭೆಗೆ ನೀವು ಬಂದು ಮುಂದಿನ ಸಾಲಿನಲ್ಲಿ ಕೂತಿರಿ, ಬಲಗಿವಿಯನ್ನು ನನ್ನ ಕಡೆ ಮಾಡಿಕೊಂಡು. ನಾನು ಮಾತು ಮುಗಿಸಿ ಯಾರಾದರೂ ಏನಾದರೂ ಕೇಳುವುದಿದ್ದರೆ ಕೇಳಿರಿ ಅಂದಾಗ ನೀವೇ ಕೇಳಿದಿರಿ:

“ಅವರು ಕಾಯ್ದೆದಾಗ ಬರದದ್ದ ಹೇಳಾಕತ್ತೀಯೋ, ನಿನಗ ಬೇಕಾದ್ದ ಹೇಳಾಕತ್ತೀಯೋ?”

ಓಣಿಯ ಹೆಂಗಸರೆಲ್ಲ ನಕ್ಕರು. ವೈನಿ ನಾದಿನಿಯ ಚೇಷ್ಟೆ ಅಂದುಕೊಂಡರು. ನಾನೂ ನಕ್ಕೆ. ನೀವು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಹಾಲು ಒಲೆಯ ಮೇಲಿಟ್ಟು ಬಂದೇನಿ ಅಂತ ಎದ್ದು ಹೋದಿರಿ.

ಈಗ ಆಫೀಸಿಗೆ ಇನ್ನೊಂದು ಕಾಗದ ಬಂದಿದೆ. ಹೆಣ್ಣುಮಕ್ಕಳ ಬಗೆಗಿನ ದೇಶದ ಧೋರಣೆಯನ್ನು ಮತ್ತೆ ಹೊಸದಾಗಿ ಬರೆಯುತ್ತಿದ್ದಾರಂತೆ. ಕಾಯ್ದೆ ಬಂದರೂ ಮನೆಯೊಳಗಿನ ಹೊಡೆತ ಯಾಕೆ ನಿಂತಿಲ್ಲ, ಹಳ್ಳಿಗಳಿಂದ ಹೇಳಿಕೆ ಬರೆಸಿ ಕಳಿಸಿರಿ ಅಂದಿದ್ದಾರೆ. ಯಾಕೆ ನಿಂತಿಲ್ಲ ಅನ್ನುವುದಕ್ಕೆ ನನಗೆ ಗೊತ್ತಿರುವ ಉತ್ತರ ಒಂದೇ. ಕಾಯ್ದೆ ಎಷ್ಟು ಚೆನ್ನಾಗಿದ್ದರೂ ಹೊಡೆಸಿಕೊಂಡವಳ ಮಾತು ಅಲ್ಲಿಗೆ ಮುಟ್ಟುವ ಮೊದಲು ನನ್ನಂಥವರ ಬಾಯಿಯನ್ನು ದಾಟಬೇಕು.

ಅದಕ್ಕೇ ಈ ಕಾಗದ. ನಾಳೆ ಮಧ್ಯಾಹ್ನ ಅನಗೋಳಕ್ಕೆ ಬರುತ್ತೇನೆ. ನಿಮ್ಮ ಬಲಗಿವಿಯ ಹತ್ತಿರ ಕೂತು ಇದನ್ನೆಲ್ಲ ಓದಿ ಹೇಳುತ್ತೇನೆ, ಒಂದಕ್ಷರ ಬಿಡದೆ. ಕಳಿಸು ಅಂದರೆ ಇದನ್ನೇ ಹೇಳಿಕೆಯಾಗಿ, ಹೆಸರು ಹಾಕಿ ಕಳಿಸುತ್ತೇನೆ. ಅಣ್ಣನಿಗೆ ಈಗ ಸಕ್ಕರೆ ಕಾಯಿಲೆ, ಕಣ್ಣು ಮಂಜು, ನಿಮ್ಮ ಕೈಯಿಂದಲೇ ಉಣ್ಣುತ್ತಾನೆ ಅಂತ ನನಗೆ ಗೊತ್ತು. ಕಳಿಸಬೇಡ ಅಂದರೆ ಕಳಿಸುವುದಿಲ್ಲ. ಈ ಸಲ ನಿಮ್ಮ ಮಾತನ್ನು ನಾನು ತೀರ್ಮಾನ ಮಾಡುವುದಿಲ್ಲ. ಕ್ಷಮಿಸಿರಿ ಅಂತಲೂ ಕೇಳುವುದಿಲ್ಲ, ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ.

ಆದರೆ ಆ ಬೆರಳಿನ ವಿಷಯ ಬಾಕಿ ಇದೆ. ಅವತ್ತು ನೀವು ನನ್ನ ಕಡೆ ಬೆರಳು ಮಾಡಿದಾಗ ಇವರು ಏನು ಹೇಳುತ್ತಿದ್ದಾರೆ ಅಂತ ಹಿರಿಯ ಬಾಯಿಯವರು ಕೇಳಿದರು. ಇವರು ನನ್ನ ಸಂಬಂಧಿಕರು, ನನ್ನ ಕೆಲಸವನ್ನು ಮೆಚ್ಚಿ ಹೇಳುತ್ತಿದ್ದಾರೆ ಅಂದೆ. ಅವರು ನನ್ನ ಕೈ ಕುಲುಕಿದರು. ನೀವು ಹೇಳಿದ್ದು ಇದು, ನಿಮ್ಮ ಮಾತಿನಲ್ಲೇ:

“ನಮ್ಮ ಮಾಲಕರು ನನ್ನ ಹೊಡೀತಾರ್ರಿ. ಈ ಕೈ ಅವರ ಮುರದಾರ, ನಾ ಜಾರಿ ಬಿದ್ದಿಲ್ಲ. ಅವರ್ನ ಹಿಡದ ಒಳಗ ಹಾಕ್ರಿ ಅನ್ನಂಗಿಲ್ಲ. ನಾ ಮತ್ತ ಆ ಮನಿಗಿ ಹೋಗದಂಗ ಮಾಡ್ರಿ, ಅಷ್ಟ ಸಾಕು. ನನ್ನ ಮಾತು ಸುಳ್ಳ ಅನಿಸಿದ್ರ, ಇಲ್ಲೇ ನಿಂತಾಳಲ್ಲ, ನನ್ನ ನಾದಿನಿ — ಅವತ್ತ ಆಕಿ ಅಡಗಿಮನ್ಯಾಗ ಇದ್ಲು. ಎಲ್ಲಾ ನೋಡ್ಯಾಳ. ಆಕಿನ್ನ ಕೇಳ್ರಿ.”

ಹೌದು, ನಾನು ಅಡುಗೆಮನೆಯಲ್ಲಿದ್ದೆ. ಎಲ್ಲಾ ನೋಡಿದ್ದೇನೆ.