ಎಡಗೈ ಕಡೆಯವಳು

ಯಾವ ಕಡೆ ಇಡಲಿ? ಅವ್ವ ಇಡುತ್ತಿದ್ದ ಕಡೆಯೇ ಇಟ್ಟರೆ ಇವತ್ತಿನಿಂದ ಆ ತಪ್ಪು ನನ್ನದೂ ಆಗುತ್ತದೆ. ಇನ್ನೊಂದು ಕಡೆ ಇಟ್ಟರೆ ಅವ್ವನ ಇಷ್ಟು ವರ್ಷಗಳ ಬೆಳಗುಗಳೆಲ್ಲ ತಪ್ಪಾಗಿಬಿಡುತ್ತವೆ. ನಡುವೆ ಇಟ್ಟರೆ? ನಡುವೆ ಇಟ್ಟದ್ದು ಯಾರಿಗೂ ಇಟ್ಟಂತಲ್ಲ.

ನೈಜೀರಿಯಾದ ಇಲಾ ಊರಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಅಶಾಬಿ ಬಟ್ಟಲು ಹಿಡಿದು ಗೋಡೆಯ ಮುಂದೆ ನಿಂತಿದ್ದಾಳೆ. ಬಟ್ಟಲಲ್ಲಿ ಬೇಯಿಸಿದ ಅಲಸಂದೆ, ಅದರ ಮೇಲೆ ಕೆಂಪು ತಾಳೆ ಎಣ್ಣೆ. ಗೋಡೆಯ ಹಲಗೆಯ ಮೇಲೆ ಗಾಜು ಹಾಕಿಸಿದ ಕಪ್ಪು ಬಿಳುಪಿನ ಒಂದು ಫೋಟೋ ಇದೆ. ಅದರಲ್ಲಿ ಐದಾರು ವರ್ಷದ ಇಬ್ಬರು ಹುಡುಗಿಯರು ಒಂದೇ ಬಗೆಯ ಅಂಗಿ ತೊಟ್ಟು, ಸ್ಟೂಲುಗಳ ಮೇಲೆ ಎದುರುಬದುರು, ಅರ್ಧ ಓರೆಯಾಗಿ ಕೂತು ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ನೋಡಿದವರಿಗೆ ಇಬ್ಬರು. ಕ್ಯಾಮೆರಾದ ಮುಂದೆ ಆ ದಿನ ಕೂತವಳು ಒಬ್ಬಳೇ.

"ಇಟ್ಯೇನೇ?" ಚಾಪೆಯ ಮೇಲಿನಿಂದ ಅವ್ವನ ದನಿ.

"ಬಿಸಿ ಇದೆ ಅವ್ವ. ಆಮೇಲೆ ಇಡ್ತೀನಿ."

"ಉಪ್ಪು ತರೋಕೆ ಹೋದೋಳಿಗೆ ಬಿಸಿ ಏನು, ತಣ್ಣಗೆ ಏನು? ಹಸಿವು ಅಂತೂ ಇರತ್ತೆ. ನಿನ್ನೆ ತಾನೇ ಒಪ್ಪಿಸಿದೆ ನಿನಗೆ. ಮೊದಲನೇ ದಿನವೇ ಆಮೇಲೆ ಅಂತೀಯಲ್ಲ!"

ಅವಳಿ ಮಕ್ಕಳಲ್ಲಿ ಒಂದು ತೀರಿಕೊಂಡರೆ ಇಲ್ಲಿ ಯಾರೂ ಸತ್ತಿತು ಎನ್ನುವುದಿಲ್ಲ. ಉಪ್ಪು ತರಲು ಹೋಗಿದೆ ಎನ್ನುತ್ತಾರೆ. ಹೋದ ಮಗುವಿನ ಪಾಲು ಮನೆಯಲ್ಲಿ ನಿಲ್ಲುವುದಿಲ್ಲ. ಅಜ್ಜಿಯರ ಕಾಲದಲ್ಲಿ ಮರದ ಬೊಂಬೆ ಕೆತ್ತಿಸಿ ಅದಕ್ಕೆ ಸ್ನಾನ ಮಾಡಿಸುತ್ತಿದ್ದರು, ಉಣಿಸುತ್ತಿದ್ದರು. ಅವ್ವನ ಕಾಲಕ್ಕೆ ಊರಿಗೆ ಸ್ಟುಡಿಯೋ ಬಂತು. ಉಳಿದ ಮಗುವನ್ನು ಕೂರಿಸಿ ಒಂದು ಚಿತ್ರ ತೆಗೆಯುವುದು, ಅದನ್ನೇ ಎರಡು ಸಲ ಅಚ್ಚು ಹಾಕಿ ಜೋಡಿ ಮಾಡುವುದು, ಬಟ್ಟಲನ್ನು ಅದರ ಮುಂದೆ ಇಡುವುದು. ಅವ್ವನಿಗೆ ಈಗ ಕಣ್ಣು ಮಂಜು, ಕೈ ನಡುಗುತ್ತದೆ. ಇಡುವಾಗ ಎಣ್ಣೆ ಚೆಲ್ಲುತ್ತದೆ ಎಂದು ನಿನ್ನೆ ಸಂಜೆ ಈ ಕೆಲಸವನ್ನು ಮಗಳಿಗೆ ಒಪ್ಪಿಸಿದ್ದಾಳೆ.

ಅಶಾಬಿ ಬಟ್ಟಲಿಗೆ ತಟ್ಟೆ ಮುಚ್ಚಿ, ಒಲೆಯ ಪಕ್ಕ ಇಟ್ಟು, ಸ್ಟುಡಿಯೋದ ಬೀಗದ ಕೈ ತೆಗೆದುಕೊಂಡು ಹೊರಡುತ್ತಾಳೆ.

ಸ್ಟುಡಿಯೋ ಇರುವುದು ಸಂತೆಗೆ ತಿರುಗುವ ದಾರಿಯಲ್ಲಿ, ಸಿಕಿರುವಿನ ಪಂಚರ್ ಅಂಗಡಿಯ ಪಕ್ಕ. ಊರಿನವರಿಗೆ ಅವಳು ಇಯಾ ಫೋಟೋ. ಫೋಟೋದಮ್ಮ ಎನ್ನುವ ಹಾಗೆ. ಸಿಕಿರು ಆಗಲೇ ಟೈರು ಬಿಚ್ಚಿಕೊಂಡು ಕೂತಿದ್ದಾನೆ.

"ಇಯಾ ಫೋಟೋ, ನನ್ನನ್ನೂ ಒಂದು ಸಲ ಇಬ್ಬರು ಮಾಡ್ಕೊಡಿ. ಒಬ್ಬ ದುಡೀಲಿ, ಒಬ್ಬ ಮಲಗ್ಲಿ."

"ಇಬ್ಬರೂ ಮಲಗೋರೇ ಆಗ್ತಾರೆ ಕಣೋ. ನೆಗೆಟಿವ್ ನಿಂದೇ ಅಲ್ವಾ?"

ಮದುವೆ, ಪಾಸ್‌ಪೋರ್ಟ್, ಶಾಲೆಯ ಗುಂಪುಚಿತ್ರ ಎಲ್ಲವೂ ಈಗ ಮೊಬೈಲಿಗೆ ಹೋಗಿವೆ. ಅಶಾಬಿಯ ಬಳಿಗೆ ಬರುವವರು ಎರಡು ಬಗೆ. ಒಂದು, ಅವಳಿಗಳ ತಾಯಂದಿರು. ಇನ್ನೊಂದು, ಘನತೆ ಬೇಕಾದ ಹೆಂಗಸರು: ಸಂತೆಯ ಹೆಂಗಸರಿಗೆಲ್ಲ ಹಿರಿಯಳಾದ ಇಯಾಲೋಡೆ, ಹೊಳೆಯ ದೇವಿ ಓಶುನ್‌ಗೆ ನಡೆದುಕೊಳ್ಳುವ ಬಿಳಿ ಬಟ್ಟೆಯ ಪೂಜಾರಿಣಿಯರು. ಅವರ ಚಿತ್ರ ತೆಗೆಯುವಾಗ ಅಶಾಬಿ ನೆಲದ ಮೇಲೆ ಕೂರುತ್ತಾಳೆ. ಕ್ಯಾಮೆರಾ ಅವರ ಮೊಣಕಾಲಿನ ಮಟ್ಟಕ್ಕಿರುತ್ತದೆ. ಚಿತ್ರದಲ್ಲಿ ಅವರು ನೋಡುವವರನ್ನು ಮೇಲಿನಿಂದ ನೋಡುತ್ತಾರೆ. ಯಾವಾಗ ಗುಂಡಿ ಒತ್ತಬೇಕು ಎಂಬುದೂ ಅವರದೇ ಮಾತು.

"ನಾನು 'ನಗಿ' ಅನ್ನಲ್ಲ, 'ಅಲ್ಲಾಡಬೇಡಿ' ಅನ್ನಲ್ಲ," ಎನ್ನುತ್ತಾಳೆ ಅಶಾಬಿ, ಯಾರಾದರೂ ಕೇಳಿದರೆ. "ಅವರು 'ಈಗ' ಅಂತಾರೆ, ನಾನು ಒತ್ತುತ್ತೀನಿ. ದೇವಿ ಮೈಮೇಲೆ ಬರೋದು ನನಗೆ ಹೇಗೆ ಗೊತ್ತಾಗಬೇಕು? ಅವರಿಗೆ ಗೊತ್ತಾಗತ್ತೆ. ಒಂದು ಸಲ ಒಬ್ಬ ಅಜ್ಜಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸುಮ್ಮನೆ ಕೂತಿದ್ರು. ಕೊನೆಗೆ 'ಇವತ್ತು ಇಲ್ಲ' ಅಂತ ಎದ್ದು ಹೋದ್ರು. ಸರಿ ಅಂದೆ."

ಒಳಗಿನ ಗೋಡೆಯಲ್ಲಿ ಬೇರೆಯೇ ಚಿತ್ರಗಳಿವೆ. ಪ್ರತಿ ಫಿಲ್ಮ್ ಸುರುಳಿಯ ಕೊನೆಯ ಚಿತ್ರವನ್ನು ಅಶಾಬಿ ತನಗೆಂದು ಉಳಿಸಿಕೊಳ್ಳುತ್ತಾಳೆ. ಲೆನ್ಸಿನ ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ, ಇನ್ನರ್ಧದಲ್ಲಿ ತಾನು ನಿಲ್ಲುತ್ತಾಳೆ. ಹರೆಯದ ಅಶಾಬಿ, ಬಸುರಿ ಅಶಾಬಿ, ಗಂಡ ತೀರಿಕೊಂಡ ವರ್ಷ ತಲೆ ಬೋಳಿಸಿಕೊಂಡ ಅಶಾಬಿ, ಕೂದಲು ನರೆತ ಅಶಾಬಿ. ಎಲ್ಲ ಚಿತ್ರಗಳಲ್ಲೂ ಅವಳು ಎಡಕ್ಕೆ, ಬಲಕ್ಕೆ ಬರೀ ಕತ್ತಲು. ಒಮ್ಮೆ ಲಾಗೋಸ್‌ನಿಂದ ಗ್ಯಾಲರಿಯವಳೊಬ್ಬಳು ಬಂದು ಇವನ್ನು ಒಂದೊಂದಾಗಿ ನೋಡಿದಳು. ಪ್ರದರ್ಶನ ಮಾಡೋಣ ಎಂದಳು. ಕೆಳಗೆ ಎರಡು ಹೆಸರು ಹಾಕಬೇಕು ಎಂದಳು ಅಶಾಬಿ: ತಾಯ್ವೊ, ಕೆಹಿಂದೆ.

"ತೆಗೆದದ್ದು ನೀವೊಬ್ಬರೇ ಅಲ್ವಾ?"

"ನೋಡ್ಕೊಂಡು ಬಾ ಅಂತ ಅವಳು ಕಳಿಸಿದಳು. ನಾನು ನೋಡ್ತಾ ಇದೀನಿ. ಕಳಿಸಿದೋಳ ಹೆಸರು ಬೇಡ್ವಾ?"

ಅವಳಿಗಳಲ್ಲಿ ಮೊದಲು ಹೊರಬಂದ ಮಗು ತಾಯ್ವೊ, ಆಮೇಲೆ ಬಂದದ್ದು ಕೆಹಿಂದೆ. ಆದರೂ ಹಿರಿತನ ಕೆಹಿಂದೆಯದೇ. ಲೋಕ ಹೇಗಿದೆ ನೋಡಿ ಬಾ ಎಂದು ಚಿಕ್ಕದನ್ನು ಮುಂದೆ ಕಳಿಸುವುದು ಅವಳೇ. ಅಶಾಬಿ ಎನ್ನುವುದು ಮುದ್ದಿನ ಹೆಸರು. ಹುಟ್ಟಿನಿಂದ ಅವಳು ತಾಯ್ವೊ. ಕಳಿಸಿದ ಅಕ್ಕ ಮೂರು ವರ್ಷ ಇದ್ದು, ಜ್ವರ ಬಂದು, ಉಪ್ಪಿಗೆ ಹೋದಳು. ಆ ಪ್ರದರ್ಶನದ ಮಾತು ಹಾಗೇ ನಿಂತಿದೆ. ಅಶಾಬಿ ಕೇಳಲು ಹೋಗಿಲ್ಲ.

ಹಲಗೆಯ ಮೇಲಿನ ಆ ಫೋಟೋ ತೆಗೆದವನು ಈ ಸ್ಟುಡಿಯೋದ ಮೊದಲ ಯಜಮಾನ ಫಟೋಕಿ. ಅವನದೊಂದು ಪದ್ಧತಿಯಿತ್ತು. ಉಳಿದ ಮಗುವನ್ನು ಇದ್ದ ಹಾಗೆ ಅಚ್ಚು ಹಾಕುತ್ತಿದ್ದ, ಹೋದ ಮಗುವಿಗೆ ನೆಗೆಟಿವನ್ನು ಮಗುಚಿ ಅಚ್ಚು ಹಾಕುತ್ತಿದ್ದ. ಆ ಲೋಕದವರ ಬಲ ನಮಗೆ ಎಡ ಎನ್ನುತ್ತಿದ್ದ. ಮಗುಚಿದ್ದರಿಂದ ಇಬ್ಬರೂ ಮುಖಾಮುಖಿಯಾಗುತ್ತಿದ್ದರು. ಚೌಕಟ್ಟು ಹಾಕಿ ಅವ್ವನ ಕೈಗೆ ಕೊಡುವಾಗ ಅವನು ಹೇಳಿದ್ದು ಒಂದೇ ಮಾತು: "ಎಡಗೈ ಕಡೆಯವಳು ಕೆಹಿಂದೆ."

ಅವ್ವ ತನ್ನ ಎಡಗೈ ಕಡೆ ನೋಡಿದಳು. ಅಂದಿನಿಂದ ಬಟ್ಟಲು ಅಲ್ಲೇ. ಅದರ ತಳದ ಎಣ್ಣೆ ಹಲಗೆಗೆ ಇಳಿದು ದುಂಡನೆಯ ಕಲೆಯಾಗಿದೆ.

ಫಟೋಕಿಯ ಕೈಕೆಳಗೆ ಕೆಲಸ ಕಲಿಯುವಾಗ ಅಶಾಬಿ ಒಂದು ದಿನ ಆ ಫೋಟೋವನ್ನು ಒರೆಸಲು ಇಳಿಸಿದಳು. ಅವಳ ಎಡಹುಬ್ಬಿನ ಮೇಲೆ ಬಿದ್ದು ಆದ ಗಾಯದ ಗುರುತಿದೆ. ಚಿತ್ರದಲ್ಲಿ ಎಡಕ್ಕೆ ಕೂತವಳ ಗುರುತು ಎಡಹುಬ್ಬಿನ ಮೇಲೆ. ಬಲಕ್ಕೆ ಕೂತವಳದು ಬಲಹುಬ್ಬಿನ ಮೇಲೆ. ಹಾಗಾದರೆ ಮಗುಚಿದವಳು, ಹೋದವಳು, ಬಲಗಡೆಯವಳು. ಹೋಗಿ ಕೇಳಿದ್ದಕ್ಕೆ ಮುದುಕ ನಕ್ಕುಬಿಟ್ಟ.

"ನಾವು ಫೋಟೋದವರು ಎಡಗೈ ಅಂದ್ರೆ ಕೂತವರ ಎಡಗೈ ಅಲ್ವೇನೇ? ನಿಮ್ಮವ್ವ ನೋಡೋರ ಎಡಗೈ ಅಂದ್ಕೊಂಡಳಾ?"

ಅಶಾಬಿ ನಗಲಿಲ್ಲ. ಮನೆಗೆ ಹೋಗಿ ಹೇಳಬೇಕು ಎಂದುಕೊಂಡಳು. ಆ ಸಂಜೆ ಅವ್ವ ಹಾಡುತ್ತ ಕಾಳು ಆರಿಸುತ್ತಿದ್ದಳು. ನಾಳೆ ಹೇಳಿದರಾಯಿತು ಎನ್ನಿಸಿತು.

ಇವತ್ತು ಬೀಗ ತೆಗೆದವಳೇ ಅವಳು ಸೀದಾ ಕತ್ತಲೆಕೋಣೆಗೆ ಹೋಗುತ್ತಾಳೆ. ದಾರಿಯಲ್ಲಿ ಒಂದು ಉಪಾಯ ಹೊಳೆದಿದೆ. ಬಟ್ಟಲನ್ನು ಸರಿಸುವುದು ಬೇಡ, ಮಕ್ಕಳನ್ನೇ ಸರಿಸಿದರೆ? ಫಟೋಕಿಯ ತಗಡಿನ ಡಬ್ಬದಲ್ಲಿ ಹಳೆಯ ನೆಗೆಟಿವ್ ಇದೆ. ಹೊಸದಾಗಿ ಅಚ್ಚು ಹಾಕಿ, ಕೆಹಿಂದೆಯನ್ನು ಎಡಕ್ಕೆ ತಂದು, ಅದೇ ಗಾಜಿನೊಳಗೆ ಸೇರಿಸಿಟ್ಟರೆ ಅವ್ವನಿಗೆ ತಿಳಿಯುವುದಿಲ್ಲ. ಕಲೆಯ ಮೇಲಿಟ್ಟ ಬಟ್ಟಲು ಸೇರಬೇಕಾದವಳಿಗೆ ಸೇರುತ್ತದೆ. ಕೆಂಪು ದೀಪದಡಿ ಅವಳ ಕೈ ತಡವರಿಸದೆ ಕೆಲಸ ಮಾಡುತ್ತದೆ. ಕಾಗದ ದ್ರಾವಣಕ್ಕೆ ಇಳಿಯುತ್ತದೆ, ಎರಡು ಮುಖಗಳು ನಿಧಾನವಾಗಿ ಮೂಡತೊಡಗುತ್ತವೆ. ಅಷ್ಟರಲ್ಲಿ ಹೊರಗೆ ಯಾರೋ ಕರೆಯುತ್ತಾರೆ. ಅದನ್ನು ತೊಳೆದು, ಸರಿಯಾಗಿ ನೋಡದೆಯೇ ಹೊರಗಿನ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಡುತ್ತಾಳೆ.

ಬಂದವಳು ಅರಿನೋಲಾ, ಬಟ್ಟೆಗೆ ನೀಲಿ ಬಣ್ಣ ಹಾಕುವವಳು. ಉಗುರುಗಳ ಬುಡದಲ್ಲಿ ನೀಲಿ ನಿಂತಿದೆ. ಜೊತೆಗೆ ಆರು ವರ್ಷದ ಮಗಳು. ಇವಳೂ ಒಬ್ಬ ಕೆಹಿಂದೆಯೇ, ಮನೆಯವರಿಗೆ ಕೆನ್ನಿ. ಅವಳ ಜೊತೆ ಹುಟ್ಟಿದ ಹುಡುಗ ಕಳೆದ ಮಳೆಗಾಲದಲ್ಲಿ ಹೋದ. ಜೋಡಿಯಲ್ಲಿ ಒಂದು ಹೆಣ್ಣು ಒಂದು ಗಂಡಾದರೆ ಉಳಿದ ಮಗು ಎರಡು ಸಲ ಕೂರಬೇಕು, ಒಮ್ಮೆ ತನ್ನ ಬಟ್ಟೆಯಲ್ಲಿ, ಒಮ್ಮೆ ಹೋದವನ ಬಟ್ಟೆಯಲ್ಲಿ. ಕೆನ್ನಿ ತನ್ನ ಫ್ರಾಕಿನಲ್ಲಿ ಸ್ಟೂಲು ಹತ್ತಿ, ಕಾಲಾಡಿಸಿ, ಗಲ್ಲ ಎತ್ತಿ, ದೊಡ್ಡವರ ಗತ್ತಿನಲ್ಲಿ "ಈಗ" ಎನ್ನುತ್ತಾಳೆ. ಅಶಾಬಿ ಒತ್ತುತ್ತಾಳೆ.

ಅರಿನೋಲಾ ಚೀಲದಿಂದ ಮಡಿಸಿದ ಪುಟ್ಟ ಅಂಗಿ, ಚಡ್ಡಿ ತೆಗೆದಾಗ ಕೆನ್ನಿ ಗೋಡೆಗೆ ಅಂಟಿಕೊಳ್ಳುತ್ತಾಳೆ.

"ನಾನು ಹಾಕ್ಕೊಳಲ್ಲ."

"ಹಠ ಮಾಡಬೇಡ್ವೇ. ಇಯಾ ಎಷ್ಟು ಹೊತ್ತು ಕಾಯಬೇಕು?"

"ಅವನ ಬಟ್ಟೆ ಹಾಕ್ಕೊಂಡ್ರೆ ನನ್ನನ್ನೂ ಉಪ್ಪಿಗೆ ಕಳಿಸ್ತೀರ."

ಅರಿನೋಲಾ ಮುಖ ತಿರುಗಿಸುತ್ತಾಳೆ. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತಾಳೆ, ಮತ್ತೆ ಬಿಚ್ಚುತ್ತಾಳೆ. ಅಶಾಬಿ ಹುಡುಗಿಯ ಮುಂದೆ ನೆಲದ ಮೇಲೆ ಕೂರುತ್ತಾಳೆ.

"ನಾನೂ ಹೀಗೇ ಕೂತಿದ್ದೆ ಪುಟ್ಟಿ, ನಿನ್ನಷ್ಟಿದ್ದಾಗ. ಇಬ್ಬರೂ ನಾನೇ ಆಗಿದ್ದೆ. ನನ್ನನ್ನ ಯಾರಾದ್ರೂ ಕಳಿಸಿದ್ರಾ? ನೋಡು, ಕೂದಲು ಬೆಳ್ಳಗಾಯ್ತು, ಇನ್ನೂ ಇಲ್ಲೇ ಇದೀನಿ."

ಕೆನ್ನಿ ಅವಳ ತಲೆಯನ್ನು ಪರೀಕ್ಷೆ ಮಾಡುವವಳಂತೆ ನೋಡುತ್ತಾಳೆ.

"ಹಲ್ಲೂ ಬಿದ್ದಿದೆ."

"ಹೂಂ, ಅದೂ ಬಿದ್ದಿದೆ."

ಚಡ್ಡಿ ಬಿಗಿಯಾಗುತ್ತದೆ. ಒಂದು ವರ್ಷದಲ್ಲಿ ಅವಳು ಬೆಳೆದಿದ್ದಾಳೆ, ಬಟ್ಟೆ ಬೆಳೆದಿಲ್ಲ. ಅಶಾಬಿ ರಟ್ಟನ್ನು ಇನ್ನೊಂದು ಅರ್ಧಕ್ಕೆ ಸರಿಸಿ, ಕ್ಯಾಮೆರಾದ ಹಿಂದೆ ಬಾಗಿ ಕಾಯುತ್ತಾಳೆ. ಕೆನ್ನಿಯ "ಈಗ" ಬರುವುದಿಲ್ಲ.

"ಹೇಳು ಪುಟ್ಟಿ."

"ಈಗ ಕೂತಿರೋದು ಅವನು. ನಾನು ಹೇಗೆ ಹೇಳಲಿ?"

ಪಕ್ಕದಲ್ಲಿ ಸಿಕಿರು ಟೈರಿಗೆ ಗಾಳಿ ಹಾಕುವ ಸದ್ದು ಕೇಳುತ್ತದೆ, ನಿಲ್ಲುತ್ತದೆ. ಕೊನೆಗೆ ಬಾಗಿಲ ಬಳಿಯಿಂದ ಅರಿನೋಲಾ, ನೀಲಿ ಉಗುರಿನ ಕೈಯಿಂದ ಬಾಯಿ ಮುಚ್ಚಿಕೊಂಡೇ, "ಈಗ" ಎನ್ನುತ್ತಾಳೆ.

ಫೋಟೋ ಮುಂದಿನ ಸಂತೆಯ ದಿನ ಸಿಗುತ್ತದೆ. ಹೊರಡುವಾಗ ಕೆನ್ನಿ ಹಗ್ಗದ ಕೆಳಗೆ ನಿಂತುಬಿಡುತ್ತಾಳೆ.

"ಇಯಾ, ಇವರಿಬ್ರೂ ಜಗಳ ಆಡಿದಾರಾ?"

"ಯಾಕೆ?"

"ಬೆನ್ನು ತಿರುಗಿಸ್ಕೊಂಡು ಕೂತಿದಾರಲ್ಲ."

ಅಶಾಬಿ ಬಂದು ನೋಡುತ್ತಾಳೆ. ಹೌದು. ಮನೆಯ ಫೋಟೋದಲ್ಲಿ ಎಡಗಡೆಯಿದ್ದವಳು ಬಲಕ್ಕೆ ನೋಡುತ್ತಿದ್ದಳು, ಬಲಗಡೆಯಿದ್ದವಳು ಎಡಕ್ಕೆ. ಅದಕ್ಕೇ ಅವರು ಮುಖಾಮುಖಿಯಾಗಿದ್ದರು. ಜಾಗ ಅದಲುಬದಲಾದ ಮೇಲೆ ಒಬ್ಬಳು ಆ ಗೋಡೆ ನೋಡುತ್ತಿದ್ದಾಳೆ, ಇನ್ನೊಬ್ಬಳು ಈ ಗೋಡೆ. ಬಟ್ಟಲು ಸರಿಯಾದವಳ ಮುಂದಿರುತ್ತದೆ, ಆದರೆ ಅವಳು ತಂಗಿಯನ್ನು ಇನ್ನೆಂದೂ ನೋಡುವುದಿಲ್ಲ.

"ಇಲ್ಲ ಪುಟ್ಟಿ, ಜಗಳ ಇಲ್ಲ. ನಾನು ತಪ್ಪಾಗಿ ಕೂರಿಸಿದೆ."

ಅವರು ಹೋದ ಮೇಲೆ ಅವಳು ಆ ಕಾಗದವನ್ನು ಹಗ್ಗದಿಂದ ಇಳಿಸಿ, ಮಡಿಸಿ ಒಲೆಗೆಂದು ತೆಗೆದಿಡುತ್ತಾಳೆ. ಮಧ್ಯಾಹ್ನದ ಬಿಸಿಲಿಗೆ ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಮನೆಯ ಕಡೆ ನಡೆಯುತ್ತಾಳೆ.

ಅವ್ವ ಹೊಸ್ತಿಲ ಬಳಿ ಕೂತಿದ್ದಾಳೆ. ತಾನೂ ಏನೂ ತಿಂದಿಲ್ಲ.

"ಏನಮ್ಮ, ಈಗಲಾದ್ರೂ ಆರಿತೇನು ನಿನ್ನ ಕಾಳು?"

"ಆರಿದೆ ಅವ್ವ."

ಅಶಾಬಿ ಬಟ್ಟಲನ್ನು ತಂದು ಎಣ್ಣೆಯ ದುಂಡನೆಯ ಕಲೆಯ ಮೇಲೆ, ಎಡಗಡೆಯವಳ ಮುಂದೆ ಇಡುತ್ತಾಳೆ. ಅವ್ವ ಗೋಡೆ ಹಿಡಿದು ಎದ್ದು ಬರುತ್ತಾಳೆ. ನಂಬಿಕೆಯಿಲ್ಲದವಳಂತೆ ಹಲಗೆಯನ್ನು ಕೈಯಿಂದ ಸವರುತ್ತ ಬಂದು, ಬಟ್ಟಲು ಸಿಕ್ಕ ಮೇಲೆ ಬೆರಳನ್ನು ಗಾಜಿಗೆ ಏರಿಸಿ ಆ ಪುಟ್ಟ ಮುಖದ ಮೇಲೆ ಇಡುತ್ತಾಳೆ. ಸರಿಯಾಗಿ, ಗಾಯದ ಗುರುತಿರುವ ಹುಬ್ಬಿನ ಹತ್ತಿರ.

"ತಿನ್ನು ನನ್ನ ಬಂಗಾರ. ಯಾವತ್ತೂ ನಿನಗೇ ಮೊದಲು," ಎನ್ನುತ್ತಾಳೆ. ಆಮೇಲೆ ತಲೆಯನ್ನು ಅಶಾಬಿಯ ಕಡೆಗೆ ಓರೆ ಮಾಡಿ, "ಇವಳಿಗೆ ಚಿಕ್ಕಂದಿನಿಂದ ಇದಕ್ಕೇ ಹೊಟ್ಟೆಕಿಚ್ಚು. ಅಕ್ಕನಿಗೇ ಎಲ್ಲ ಕೊಡ್ತೀಯ, ನನ್ನನ್ನ ಕಂಡ್ರೆ ನಿನಗಾಗಲ್ಲ ಅಂತ ಮೂಲೇಲಿ ಕೂತು ಅಳೋಳು. ನೆನಪಿದೆಯೇನೇ?"

"ಇದೆ ಅವ್ವ."

"ಈಗಲೂ ಇದೆಯಾ ಕಿಚ್ಚು?"

"ಈಗ ಇಲ್ಲ."

ಬಲಗಡೆಯವಳು ಗಾಜಿನೊಳಗಿನಿಂದ ಎಡಗಡೆಯವಳನ್ನು ನೋಡುತ್ತಿದ್ದಾಳೆ, ಎಂದಿನಂತೆ. ಸ್ವಲ್ಪ ಹೊತ್ತು ಬಿಟ್ಟು ಅವ್ವ ಬಟ್ಟಲನ್ನು ತೆಗೆದು, ಪಕ್ಕದಲ್ಲಿ ಕೂತ ಮಗಳಿಗೆ ಒಂದು ತುತ್ತು ಕೊಡುತ್ತಾಳೆ. ಕೈ ನಡುಗಿ ಎಣ್ಣೆ ಅಶಾಬಿಯ ಗಲ್ಲಕ್ಕೆ ಇಳಿಯುತ್ತದೆ. ಅವಳು ಒರೆಸಿಕೊಳ್ಳದೆ ತಿನ್ನುತ್ತಾಳೆ.

ಇಷ್ಟು ವರ್ಷ ಪ್ರತಿ ಬೆಳಿಗ್ಗೆ ನೀನು ಮೊದಲು ಉಣಿಸಿದ್ದು ನನಗೇ ಎಂದು ಅಶಾಬಿ ಅವ್ವನಿಗೆ ಹೇಳಲೇ ಇಲ್ಲ.