ಬಂಗಲೆಯ ಪಾರ್ಕಿಂಗ್‌ನಲ್ಲಿ ಸಿಕ್ಕ ಅಜ್ಜಿ

"ಸಾ, ಬ್ಯಾಸ್ರ ಮಾಡ್ಕಬ್ಯಾಡಿ. ಗಾಡಿ ಒಸಿ ಆಕಡೆ ನಿಲ್ಸಿ. ಅಡೀಲಿ ನನ್ ಮಗಳವ್ಳೆ."

ಕಾರಿಂದ ಬ್ಯಾಗ್ ಇಳಿಸ್ತಿದ್ದೆ. ತಿರುಗಿ ನೋಡಿದ್ರೆ ಪೊರಕೆ ಹಿಡಿದ ಅಜ್ಜಿಯೊಬ್ಬರು ನಿಂತಿದ್ರು. ಏನು ಹೇಳ್ತಿದಾರೆ ಅಂತ ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡೀತು...

ಹೊಳೆನರಸೀಪುರದಿಂದ ನಾನು, ನನ್ನ ಹೆಂಡತಿ ಎರಡು ದಿನ ರಜೆ ಹಾಕಿ ಸಕಲೇಶಪುರದ ಆಚೆ ಗುಡ್ಡದ ಮೇಲಿನ ಒಂದು ಊರಿಗೆ ಹೋಗಿದ್ವಿ. ಬ್ರಿಟಿಷ್ ದೊರೆ ಕಟ್ಟಿಸಿದ ಬಂಗಲೆ ಈಗ ಹೋಂಸ್ಟೇ. ಉದ್ದನೆ ವರಾಂಡ, ದೊಡ್ಡ ದೊಡ್ಡ ಕಿಟಕಿ... ಫೋಟೋ ನೋಡಿ ಆಸೆಪಟ್ಟು ಬುಕ್ ಮಾಡಿದ್ದು.

ಅಜ್ಜಿ ಹೆಸರು ಇಲ್ಲಿ ಬರೆಯಲ್ಲ. ಹಸಲರು, ಆ ಕಾಡಿನ ಮೂಲ ಜನ. ಬಂಗಲೆ ಏಳೋಕೂ ಮೊದಲಿಂದ ಅವರ ಹಾಡಿ, ಅಂದ್ರೆ ಗುಡಿಸಲುಗಳ ಕೇರಿ, ಅಲ್ಲೇ ಇತ್ತಂತೆ.

ಪಾರ್ಕಿಂಗ್ ಇರೋದು ಅವರು ಸತ್ತೋರನ್ನ ಮಣ್ಣು ಮಾಡ್ತಿದ್ದ ಜಾಗದಲ್ಲಿ. ಗುರುತಿನ ಕಲ್ಲುಗಳನ್ನ ಜೆಸಿಬಿಲಿ ಎತ್ತಿಸಿ ಜಲ್ಲಿ ಹಾಕ್ಸಿದಾರೆ. ಅಜ್ಜಿ ಮಗಳು ಹೆರಿಗೇಲಿ ಹೋದವಳು.

ಕಾರು ತೆಗೆದೆ. ಗೇಟಿನ ಹೊರಗೆ ರಸ್ತೆ ಬದೀಲಿ ನಿಲ್ಸಿದೆ.

ಹಿತ್ತಲಲ್ಲಿ ದೊರೆಯ ನಾಯಿ ಸಮಾಧಿ ಇದೆ. ಸುತ್ತ ಕಬ್ಬಿಣದ ಬೇಲಿ, ಕಲ್ಲಿನ ಮೇಲೆ ಇಂಗ್ಲಿಷಲ್ಲಿ ನಾಯಿ ಹೆಸರು. ಮ್ಯಾನೇಜರ್ ಹೆಮ್ಮೆಯಿಂದ ತೋರಿಸಿದ.

ಅಜ್ಜಿ ಮಾತು ತೆಗೆದ್ರೆ, "ಪೇಪರ್ ಎಲ್ಲಿದೆ ಸಾರ್ ಅವ್ರತ್ರ?" ಅಂದ.

ಮನೆಗೆ ಬಂದವನೇ ಸಿಟ್ಟಲ್ಲಿ ಹೋಂಸ್ಟೇ ಬಗ್ಗೆ ಆನ್‌ಲೈನ್ ರಿವ್ಯೂ ಬರೆದೆ. ಅಜ್ಜಿ ಹೆಸರು ಹಾಕಿ, ಅವರು ಹೇಳಿದ್ದನ್ನೆಲ್ಲ ಬರೆದೆ. ಸುಮಾರು ಜನ ಶೇರ್ ಮಾಡಿದ್ರು. ಏನೋ ದೊಡ್ಡ ಕೆಲಸ ಮಾಡ್ದೆ ಅನ್ನೋ ಸಮಾಧಾನ ಬೇರೆ.

ಮೊನ್ನೆ ಭಾನುವಾರ ಮನಸ್ಸು ತಡೀದೆ ಒಬ್ಬನೇ ಮತ್ತೆ ಹೋದೆ.

ಗೇಟಿಗೆ ಒಳಗಿಂದ ಬೀಗ. ಅಜ್ಜಿ ಹೊರಗೆ ರಸ್ತೆ ಬದೀಲಿ ಕೂತಿದಾರೆ. ನನ್ನ ರಿವ್ಯೂ ನೋಡಿ ಹೋಂಸ್ಟೇಯವರು ಅವರನ್ನ ಕೆಲಸದಿಂದ ತೆಗೆದಿದಾರೆ. ಒಳಗೆ ಕಾಲಿಡಬಾರದು ಅಂತಲೂ ಹೇಳಿದಾರೆ.

ಅಜ್ಜಿ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

"ಗುಡ್ಸೋ ನೆಪ್ದಲ್ಲಿ ದಿನಾ ಅವ್ಳ್ ತಾವ್ಕೆ ಓಗ್ತಿದ್ದೆ ಕಣಪ್ಪ. ಈಗ ಅದೂ ಇಲ್ಲ" ಅಂದ್ರು, ಅಷ್ಟೇ.

ಮ್ಯಾನೇಜರಿಗೆ ಫೋನ್ ಮಾಡಿ ಬೇಡ್ಕೊಂಡೆ. ಅಲ್ಲೇ ನಿಂತು ರಿವ್ಯೂ ಡಿಲೀಟ್ ಮಾಡ್ದೆ. "ಆಯ್ತು, ನೋಡೋಣ" ಅಂದು ಕಟ್ ಮಾಡಿದ.

ಸಂಜೆವರೆಗೂ ಅಜ್ಜಿ ಪಕ್ಕ ಕೂತಿದ್ದೆ. ಗೇಟು ತೆಗೀಲಿಲ್ಲ.

ಬರೆಯೋ ಮುಂಚೆ ಆ ತಾಯಿನ ಒಂದು ಮಾತು ಕೇಳ್ಬೇಕು ಅಂತ ನನಗ್ಯಾಕೆ ಹೊಳೀಲಿಲ್ಲ?